ಅಭಿಮಾನಿ ಬಳಗಗಳ ಹವ್ಯಾಸಿ ಫುಟ್‌ಬಾಲ್ ಲೀಗ್: ನಿಯಮಾವಳಿ ರೂಪಿಸುವ ಮತ್ತು ನಡೆಸುವ ಕ್ರಮ

ಒಂದೇ ಕ್ಲಬ್‌ನ ಅಭಿಮಾನಿಗಳು ಅಂತರ್ಜಾಲದಲ್ಲಿ ಬಳಗವಾಗಿ ಸೇರುತ್ತಾರೆ, ಪಂದ್ಯ ನಡೆಯುವಾಗ ಒಟ್ಟಿಗೆ ಹರಟುತ್ತಾರೆ, ಬೇರೆ ಕ್ಲಬ್‌ಗಳ ಬಳಗದವರೊಂದಿಗೆ ವಾದಕ್ಕೆ ಇಳಿಯುತ್ತಾರೆ. ವರ್ಷಗಟ್ಟಲೆ ಬರಹದಲ್ಲೇ ನಡೆದ ಈ ಪೈಪೋಟಿಯನ್ನು ಒಮ್ಮೆ ಮೈದಾನದಲ್ಲಿ ನೋಡಿಯೇಬಿಡೋಣ ಎಂಬ ಆಸೆಯಿಂದ ಇಂತಹ ಲೀಗ್‌ಗಳು ಹುಟ್ಟುತ್ತವೆ. ಊರಿನ ತಂಡಕ್ಕೆ ಊರು, ಕಚೇರಿಯ ತಂಡಕ್ಕೆ ಕಚೇರಿ ಗುರುತಾಗಿರುತ್ತದೆ. ಅಭಿಮಾನಿ ತಂಡಕ್ಕೆ ಅಭಿಮಾನವೊಂದೇ ಗುರುತು, ಮತ್ತು ಅದನ್ನು ಯಾವ ದಾಖಲೆಯೂ ನೇರವಾಗಿ ತೋರಿಸುವುದಿಲ್ಲ. ಆದ್ದರಿಂದ ಈ ಬಗೆಯ ಲೀಗ್‌ನಲ್ಲಿ ಆಫ್‌ಸೈಡ್ ಅಥವಾ ಪೆನಾಲ್ಟಿಗಿಂತ ‘ಆ ಆಟಗಾರ ನಿಜವಾಗಿಯೂ ನಿಮ್ಮ ಬಳಗದವನೇ?’ ಎಂಬ ಪ್ರಶ್ನೆಯೇ ದೊಡ್ಡ ಜಗಳಕ್ಕೆ ದಾರಿಯಾಗುತ್ತದೆ. ಆಟದ ನಿಯಮಗಳು ಬಹುಮಟ್ಟಿಗೆ ಸಿದ್ಧವಾಗಿ ದೊರೆಯುತ್ತವೆ. ಅರ್ಹತೆಯ ನಿಯಮಗಳನ್ನು ಮಾತ್ರ ಸಂಘಟಕರೇ ಕುಳಿತು, ಚರ್ಚಿಸಿ, ಮೊದಲ ಪಂದ್ಯಕ್ಕೆ ಮುನ್ನವೇ ಬರೆದಿಡಬೇಕು.

ಮೊದಲ ಹಂತ: ಸಮಿತಿ ಮತ್ತು ಲಿಖಿತ ನಿಯಮಾವಳಿ

ಪ್ರತಿ ಬಳಗದಿಂದ ಒಬ್ಬ ಪ್ರತಿನಿಧಿಯನ್ನು ಆರಿಸಿ ಒಂದು ಮಂಡಳಿ ಮಾಡಿಕೊಳ್ಳಿ. ನಿಯಮಗಳಿಗೆ ಒಪ್ಪಿಗೆ ನೀಡುವುದು ಮತ್ತು ಅವುಗಳನ್ನು ತಿದ್ದುವುದು ಈ ಮಂಡಳಿಯ ಕೆಲಸ. ದಿನನಿತ್ಯದ ಆಡಳಿತಕ್ಕೆ ಮೂವರು ಅಥವಾ ಐವರ ಸಣ್ಣ ಸಮಿತಿ ಸಾಕು: ನೋಂದಣಿ, ವೇಳಾಪಟ್ಟಿ ಹಾಗೂ ಫಲಿತಾಂಶ, ಹಣಕಾಸು, ಶಿಸ್ತು ಎಂಬ ಹೊಣೆಗಳನ್ನು ಹೆಸರಿಸಿ ಹಂಚಿರಬೇಕು. ಸಮಿತಿಯ ಸಂಖ್ಯೆ ಬೆಸವಾಗಿದ್ದರೆ ಮತಗಳು ಸಮನಾಗಿ ತೀರ್ಮಾನ ನಿಂತುಹೋಗುವುದಿಲ್ಲ. ತನ್ನ ತಂಡದ ಪ್ರಕರಣ ವಿಚಾರಣೆಗೆ ಬಂದಾಗ ಆ ಸದಸ್ಯ ಹೊರಗುಳಿಯಬೇಕು, ಅವನ ಸ್ಥಾನದಲ್ಲಿ ಕೂರುವ ಪರ್ಯಾಯ ಸದಸ್ಯ ಯಾರೆಂಬುದು ಮೊದಲೇ ನಿರ್ಧಾರವಾಗಿರಬೇಕು. ಈ ಒಂದು ವಾಕ್ಯ ನಿಯಮಾವಳಿಯಲ್ಲಿ ಇಲ್ಲದಿದ್ದರೆ ಸಮಿತಿಯ ಅತ್ಯಂತ ನ್ಯಾಯಯುತ ತೀರ್ಪನ್ನೂ ಸೋತ ತಂಡ ನಂಬುವುದಿಲ್ಲ.

ನಿಯಮಾವಳಿಯ ಮೇಲೆ ಋತುವಿನ ಹೆಸರು ಮತ್ತು ಜಾರಿಗೆ ಬರುವ ದಿನಾಂಕವನ್ನು ನಮೂದಿಸಿ. ಆಟಗಾರರ ಸುರಕ್ಷತೆಗೆ ಸಂಬಂಧಿಸಿದ ತುರ್ತು ತಿದ್ದುಪಡಿಯನ್ನು ಬಿಟ್ಟರೆ ಋತುವಿನ ನಡುವೆ ಯಾವ ನಿಯಮವನ್ನೂ ಬದಲಿಸುವಂತಿಲ್ಲ ಎಂದು ಬರೆಯಿರಿ. ಅದರ ಜೊತೆಗೆ ‘ಇಲ್ಲಿ ಹೇಳದೆ ಬಿಟ್ಟಿರುವ ಎಲ್ಲ ವಿಷಯಗಳಿಗೂ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಘಗಳ ಮಂಡಳಿಯ ಆಟದ ನಿಯಮಗಳು ಅನ್ವಯಿಸುತ್ತವೆ’ ಎಂಬ ಸಾಲು ಇರಲಿ. ಐಎಫ್‌ಎಬಿ ಎಂದೇ ಪರಿಚಿತವಾದ, 1886ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ನಿಯಮಪುಸ್ತಕದಲ್ಲಿ 17 ನಿಯಮಗಳಿವೆ, ಮತ್ತು ಪರಿಷ್ಕೃತ ಆವೃತ್ತಿ ಸಾಮಾನ್ಯವಾಗಿ ಜುಲೈ 1ರಿಂದ ಜಾರಿಗೆ ಬರುತ್ತದೆ. ಯಾವ ವರ್ಷದ ಆವೃತ್ತಿ ಎಂಬುದನ್ನೂ ಹೇಳಬೇಕಾದದ್ದು ಏಕೆಂದರೆ ವ್ಯತ್ಯಾಸಗಳು ಚಿಕ್ಕವಲ್ಲ. ಗೋಲ್‌ಕೀಪರ್ 8 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಚೆಂಡನ್ನು ಕೈಯಲ್ಲಿ ಹಿಡಿದಿದ್ದರೆ 2025–26ರ ಆವೃತ್ತಿಯ ಪ್ರಕಾರ ಎದುರಾಳಿಗೆ ಕಾರ್ನರ್ ಕಿಕ್ (ಅಂಕಣದ ಮೂಲೆಯಿಂದ ಒದೆಯುವ ಅವಕಾಶ) ಸಿಗುತ್ತದೆ. ಅದಕ್ಕೂ ಹಿಂದೆ ಮಿತಿ 6 ಸೆಕೆಂಡು, ದಂಡನೆ ಪರೋಕ್ಷ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಒದೆತ). ಒಂದು ತಂಡ ಹಳೆಯದನ್ನೂ ಇನ್ನೊಂದು ಹೊಸದನ್ನೂ ನೆನಪಿಟ್ಟುಕೊಂಡು ಬಂದರೆ ಪಂದ್ಯ ವಾಗ್ವಾದದಲ್ಲೇ ಕಳೆದುಹೋಗುತ್ತದೆ.

ಎರಡನೆಯ ಹಂತ: ಎಷ್ಟು ಜನರ ಆಟ?

ಬಳಗದಲ್ಲಿ ಐನೂರು ಸದಸ್ಯರಿದ್ದಾರೆ ಎಂಬ ಲೆಕ್ಕವನ್ನು ನಂಬಿ ಹನ್ನೊಂದು ಜನರ ಆಟವನ್ನು ಘೋಷಿಸಬೇಡಿ. ಬರೆಯುವವರ ಸಂಖ್ಯೆಯೇ ಬೇರೆ, ರಜೆಯ ದಿನ ಬೆಳಗ್ಗೆ ಬೂಟು ಹಾಕಿಕೊಂಡು ಬರುವವರ ಸಂಖ್ಯೆಯೇ ಬೇರೆ. ಮೈದಾನದಲ್ಲಿ ಇರಬೇಕಾದವರ ಎರಡರಷ್ಟು ಆಟಗಾರರು ನೋಂದಾಯಿಸಿದರೆ ಮಾತ್ರ ಆ ಮಾದರಿ ಋತುವಿನ ಕೊನೆಯವರೆಗೂ ಬಾಳುತ್ತದೆ. ಮೊದಲ ಋತುವಿಗೆ ಏಳು ಜನರ ಆಟ ಸೂಕ್ತವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ: 14ರಿಂದ 16 ಜನರ ಪಟ್ಟಿ ಸಾಕು, ಮೈದಾನ ಸುಲಭವಾಗಿ ಸಿಗುತ್ತದೆ, ದೇಹಶ್ರಮದ ಅಭ್ಯಾಸ ತಪ್ಪಿದವರಿಗೂ ಚೆಂಡು ಸಿಗುತ್ತಿರುತ್ತದೆ.

ಪೂರ್ಣ ಪ್ರಮಾಣದ ಮೈದಾನ 90ರಿಂದ 120 ಮೀಟರ್ ಉದ್ದ, 45ರಿಂದ 90 ಮೀಟರ್ ಅಗಲ ಇರಬೇಕು. ಗೋಲ್ ಕಂಬಗಳ ನಡುವೆ 7.32 ಮೀಟರ್, ಅಡ್ಡಪಟ್ಟಿಯವರೆಗೆ 2.44 ಮೀಟರ್. ಏಳು ಜನರ ಆಟಕ್ಕೆ ಸುಮಾರು 60 ಮೀಟರ್ ಉದ್ದ, 40 ಮೀಟರ್ ಅಗಲದ ಅಂಕಣ ಮತ್ತು 5 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲು ಹೊಂದುತ್ತವೆ. ಚೆಂಡು 5ನೆಯ ಅಳತೆಯದು, ಅಂದರೆ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಆಟದ ಆರಂಭದಲ್ಲಿ ತೂಕ 410ರಿಂದ 450 ಗ್ರಾಂ. ತಳಮಟ್ಟದ ಫುಟ್‌ಬಾಲ್‌ನಲ್ಲಿ ಅಂಕಣದ ಅಳತೆ, ಅವಧಿ, ಬದಲಿ ಆಟಗಾರರ ಕ್ರಮ ಮುಂತಾದವುಗಳನ್ನು ಬದಲಿಸಿಕೊಳ್ಳಲು ಆಟದ ನಿಯಮಗಳೇ ಅವಕಾಶ ಕೊಡುತ್ತವೆ. ಆ ಅವಕಾಶವನ್ನು ಬಳಸಿಕೊಂಡು ತಲಾ 25 ನಿಮಿಷಗಳ ಎರಡು ಅವಧಿ ಇಡಬಹುದು, ಹೊರಗೆ ಹೋದ ಆಟಗಾರ ಮತ್ತೆ ಒಳಬರಬಹುದೆಂದು ಒಪ್ಪಬಹುದು. ಸಹಾಯಕ ರೆಫರಿಗಳು ಇಲ್ಲದಿದ್ದರೆ ಆಫ್‌ಸೈಡ್ ಅನ್ನು ಕೈಬಿಡುವುದೇ ಲೇಸು. ಚೆಂಡು ಒದ್ದ ಗಳಿಗೆಯಲ್ಲಿ ಮುನ್ನುಗ್ಗುವ ಆಟಗಾರ ಎದುರಾಳಿಯ ಕೊನೆಯಿಂದ ಎರಡನೆಯ ಆಟಗಾರನನ್ನು ದಾಟಿದ್ದನೇ ಎಂಬ ಆ ರೇಖೆಯನ್ನು ಒಬ್ಬನೇ ರೆಫರಿ ಅಂಕಣದ ನಡುವಿನಿಂದ ನಿಖರವಾಗಿ ಕಾಣಲಾರ. ಕೃತಕ ಹುಲ್ಲಿನ ಮೇಲೆ ಜಾರುವ ಟ್ಯಾಕಲ್ ಅನ್ನು ನಿಷೇಧಿಸಬೇಕೇ ಎಂಬುದನ್ನೂ ಇಲ್ಲಿಯೇ ತೀರ್ಮಾನಿಸಿ.

ಹನ್ನೊಂದು ಜನರ ಆಟದಲ್ಲಿ ತಂಡವೊಂದಕ್ಕೆ ಕನಿಷ್ಠ 7 ಆಟಗಾರರಿಲ್ಲದಿದ್ದರೆ ಪಂದ್ಯ ಆರಂಭವಾಗುವಂತಿಲ್ಲ, ಮುಂದುವರಿಯುವಂತೆಯೂ ಇಲ್ಲ. ಏಳು ಜನರ ಆಟಕ್ಕೆ ಈ ಕನಿಷ್ಠ ಸಂಖ್ಯೆಯನ್ನು ಐದು ಎಂದು ಬರೆದುಕೊಳ್ಳಬಹುದು.

ಮೂರನೆಯ ಹಂತ: ಯಾರು ಬಳಗದವರು? ಅರ್ಹತೆ ಮತ್ತು ನೋಂದಣಿ

ಇಲ್ಲಿ ಸಮಯ ಉಳಿಸಲು ಹೋಗಬೇಡಿ. ಲೀಗ್ ಗೆಲ್ಲಬೇಕೆಂಬ ಹಟ ಬಂದ ಬಳಗ ಮೊದಲು ಮಾಡುವ ಕೆಲಸವೆಂದರೆ ಚೆನ್ನಾಗಿ ಆಡುವ ಹೊರಗಿನವರನ್ನು ಕರೆತಂದು, ಹಿಂದಿನ ರಾತ್ರಿ ಅವರಿಗೊಂದು ಖಾತೆ ತೆರೆದುಕೊಡುವುದು. ಹೀಗಾದರೆ ವರ್ಷಗಳಿಂದ ಬಳಗವನ್ನು ಕಟ್ಟಿದ ಸಾಮಾನ್ಯ ಆಟಗಾರ ಪಕ್ಕದಲ್ಲಿ ಕುಳಿತು ನೋಡಬೇಕಾಗುತ್ತದೆ, ಮತ್ತು ಅಭಿಮಾನಿಗಳ ಲೀಗ್ ಎಂಬ ಹೆಸರಿಗೇ ಅರ್ಥವಿಲ್ಲವಾಗುತ್ತದೆ.

ಅಭಿಮಾನವನ್ನು ಅಳೆಯಲಾಗದಿದ್ದರೂ ಸದಸ್ಯತ್ವವನ್ನು ಅಳೆಯಬಹುದು. ನೋಂದಣಿ ಆರಂಭವಾಗುವ ದಿನಕ್ಕೆ ಕನಿಷ್ಠ ಆರು ತಿಂಗಳು ಮೊದಲು ಆಟಗಾರ ಬಳಗವನ್ನು ಸೇರಿರಬೇಕು ಎಂಬ ನಿಯಮ ಸರಳವಾದದ್ದು, ಪರಿಶೀಲಿಸಲು ಸುಲಭವಾದದ್ದು. ಇಷ್ಟು ಸಂದೇಶ ಬರೆದಿರಬೇಕು ಎಂಬ ಷರತ್ತು ಮಾತ್ರ ಬೇಡ. ಅದು ಮೌನವಾಗಿ ಓದುವ ನಿಷ್ಠಾವಂತರನ್ನು ಹೊರಗಿಡುತ್ತದೆ ಮತ್ತು ಸಂಖ್ಯೆ ತುಂಬಿಸಲೆಂದೇ ಅರ್ಥವಿಲ್ಲದ ಸಾಲುಗಳನ್ನು ಬರೆಯುವವರನ್ನು ಒಳಗೆ ಬಿಡುತ್ತದೆ. ಆರು ತಿಂಗಳು ತುಂಬದವರಿಗಾಗಿ ಅತಿಥಿ ಆಟಗಾರರ ಸಣ್ಣ ಅವಕಾಶ ಇಡಬಹುದು: ಪಟ್ಟಿಯಲ್ಲಿ ಇಬ್ಬರು, ಮೈದಾನದಲ್ಲಿ ಒಂದು ಹೊತ್ತಿಗೆ ಒಬ್ಬರು, ಅಂತಿಮ ಹಂತದ ಪಂದ್ಯಗಳಲ್ಲಿ ಯಾರೂ ಇಲ್ಲ.

ಗುರುತಿನ ಪರಿಶೀಲನೆ ಎರಡು ಕಡೆಯಿಂದ ನಡೆಯಬೇಕು. ಅಡ್ಡಹೆಸರಿನ ಖಾತೆ ಆ ವ್ಯಕ್ತಿಯದೇ ಎಂದು ಖಚಿತಪಡಿಸಿಕೊಳ್ಳಲು ನೋಂದಣಿ ಅಧಿಕಾರಿ ಪ್ರತಿ ಆಟಗಾರನಿಗೆ ಪ್ರತ್ಯೇಕ ಸಂಕೇತಸಂಖ್ಯೆಯೊಂದನ್ನು ಕೊಟ್ಟು, ಅದನ್ನು ಅದೇ ಖಾತೆಯಿಂದ ತನಗೆ ಕಳುಹಿಸುವಂತೆ ಹೇಳಬೇಕು. ಬಳಿಕ ಭಾವಚಿತ್ರವಿರುವ ಗುರುತಿನ ಚೀಟಿಯಿಂದ ನಿಜ ಹೆಸರು ಮತ್ತು ಜನ್ಮದಿನಾಂಕವನ್ನು ನೋಡಿ ದಾಖಲಿಸಿಕೊಳ್ಳಬೇಕು. ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ. ನಿಜ ಹೆಸರುಗಳ ಪಟ್ಟಿ ನೋಂದಣಿ ಅಧಿಕಾರಿ ಮತ್ತು ಶಿಸ್ತಿನ ಹೊಣೆ ಹೊತ್ತವರ ಕೈಯಲ್ಲಷ್ಟೇ ಇರಲಿ. ಸಾರ್ವಜನಿಕ ಪಟ್ಟಿಯಲ್ಲಿ ಅಡ್ಡಹೆಸರು ಮತ್ತು ಜರ್ಸಿ ಸಂಖ್ಯೆ ಸಾಕು. ತಮ್ಮ ನಿಜವಾದ ಹೆಸರನ್ನು ಹೊರಗೆ ಹೇಳಿಕೊಳ್ಳದಿರಲು ಜನರಿಗೆ ನಾನಾ ಕಾರಣಗಳಿರುತ್ತವೆ, ಆಡಲು ಬಂದ ಮಾತ್ರಕ್ಕೆ ಆ ಹಕ್ಕನ್ನು ಅವರು ಬಿಟ್ಟುಕೊಟ್ಟಂತಾಗುವುದಿಲ್ಲ.

ಒಬ್ಬ ಆಟಗಾರ ಒಂದೇ ತಂಡಕ್ಕೆ ಆಡಬೇಕು. ಎರಡು ಬಳಗಗಳಲ್ಲಿ ಸದಸ್ಯರಾಗಿರುವವರು ಅನೇಕರಿರುತ್ತಾರೆ, ವಿಶೇಷವಾಗಿ ಒಂದು ದೇಶದ ಕ್ಲಬ್ ಒಂದನ್ನೂ ಇನ್ನೊಂದು ದೇಶದ್ದನ್ನೂ ಮೆಚ್ಚುವವರು; ಅವರು ನೋಂದಣಿಯ ಹೊತ್ತಿನಲ್ಲಿಯೇ ಒಂದನ್ನು ಆರಿಸಿಕೊಳ್ಳಬೇಕು. ಋತುವಿನ ನಡುವೆ ಒಂದು ವಾರದ ವರ್ಗಾವಣೆ ಅವಧಿ ಇಡಬಹುದಾದರೂ ಹೋಗಿ ಸೇರುವ ಬಳಗದಲ್ಲಿಯೂ ಸದಸ್ಯತ್ವದ ಷರತ್ತು ಪೂರ್ಣಗೊಂಡಿರಬೇಕು. ಅದೇ ಋತುವಿನಲ್ಲಿ ವೃತ್ತಿಪರ ಕ್ಲಬ್‌ಗೆ ನೋಂದಾಯಿಸಿಕೊಂಡಿರುವವರಿಗೆ ಅವಕಾಶವಿಲ್ಲವೆಂದು ಬರೆಯಿರಿ. 18 ವರ್ಷ ತುಂಬದವರನ್ನು ಸೇರಿಸುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯವಾಗಿರಲಿ.

ಅನರ್ಹ ಆಟಗಾರನನ್ನು ಆಡಿಸಿದ ತಂಡ ಆ ಪಂದ್ಯವನ್ನು 0–3ರಿಂದ ಸೋತಂತೆ ಪರಿಗಣಿಸಬೇಕು. ಮೈದಾನದಲ್ಲಿ ಅದಕ್ಕಿಂತ ದೊಡ್ಡ ಅಂತರದಿಂದ ಸೋತಿದ್ದರೆ ಅದೇ ಫಲಿತಾಂಶ ಉಳಿಯುತ್ತದೆ. ಫಿಫಾದ ಶಿಸ್ತು ಸಂಹಿತೆಯೂ ಹನ್ನೊಂದು ಜನರ ಆಟಕ್ಕೆ ಇದೇ ಕ್ರಮವನ್ನು ಅನುಸರಿಸುತ್ತದೆ. ದೂರು ಸಲ್ಲಿಸಲು ಪಂದ್ಯ ಮುಗಿದ ಬಳಿಕ 48 ಗಂಟೆಗಳ ಗಡುವು ಇರಲಿ, ಇಲ್ಲದಿದ್ದರೆ ತಿಂಗಳುಗಳ ಹಿಂದಿನ ಪಂದ್ಯಗಳನ್ನು ಅಂಕಪಟ್ಟಿಯ ಒತ್ತಡದಲ್ಲಿ ಕೆದಕುವ ಚಾಳಿ ಬೆಳೆಯುತ್ತದೆ.

ನಾಲ್ಕನೆಯ ಹಂತ: ವೇಳಾಪಟ್ಟಿ

ಎಲ್ಲರೂ ಎಲ್ಲರ ವಿರುದ್ಧ ಒಮ್ಮೆ ಆಡುವುದಾದರೆ ತಂಡಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿ. ಎಂಟು ತಂಡಗಳಿಗೆ 7 ಸುತ್ತುಗಳಲ್ಲಿ 28 ಪಂದ್ಯಗಳು, ಹತ್ತು ತಂಡಗಳಿಗೆ 9 ಸುತ್ತುಗಳಲ್ಲಿ 45 ಪಂದ್ಯಗಳು ಬರುತ್ತವೆ. ಜೋಡಿಗಳನ್ನು ರಚಿಸಲು ಮೇಲಿನ ಸಾಲಿನಲ್ಲಿ 1, 2, 3, 4 ಎಂದೂ ಅವುಗಳ ಕೆಳಗೆ 8, 7, 6, 5 ಎಂದೂ ಬರೆಯಿರಿ. ಮೇಲೆ ಕೆಳಗೆ ಎದುರಾಗಿರುವವು ಮೊದಲ ಸುತ್ತಿನ ಜೋಡಿಗಳು. ಮುಂದಿನ ಸುತ್ತಿಗೆ 1ನ್ನು ಇದ್ದಲ್ಲೇ ಬಿಟ್ಟು ಉಳಿದವುಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದೊಂದು ಸ್ಥಾನ ಸರಿಸಿ: ಈಗ ಮೇಲೆ 1, 8, 2, 3, ಕೆಳಗೆ 7, 6, 5, 4. ತಂಡಗಳ ಸಂಖ್ಯೆ ಬೆಸವಾಗಿದ್ದರೆ ಒಂದು ಸ್ಥಾನವನ್ನು ಖಾಲಿ ಎಂದು ಗುರುತಿಸಿ. ಅದರ ಎದುರು ಬಂದ ತಂಡಕ್ಕೆ ಆ ಸುತ್ತಿನಲ್ಲಿ ವಿಶ್ರಾಂತಿ.

ಅಭಿಮಾನಿ ಲೀಗ್‌ಗೆ ವಿಶೇಷವಾದ ಒಂದು ತೊಡಕಿದೆ: ತಮ್ಮ ಕ್ಲಬ್‌ನ ಪಂದ್ಯ ಪ್ರಸಾರವಾಗುವ ಹೊತ್ತಿನಲ್ಲಿ ಆ ಬಳಗದವರು ಮೈದಾನಕ್ಕೆ ಬರುವುದಿಲ್ಲ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ. ಕ್ಲಬ್‌ಗಳ ಋತುಪಟ್ಟಿ ಪ್ರಕಟವಾದ ಮೇಲೆಯೇ ನಿಮ್ಮ ದಿನಾಂಕಗಳನ್ನು ನಿಗದಿಪಡಿಸಿ, ಮುಂದೂಡಿದ ಪಂದ್ಯಗಳಿಗೆಂದು ಎರಡು ದಿನಗಳನ್ನು ಖಾಲಿ ಇಟ್ಟುಕೊಳ್ಳಿ.

ಕೊನೆಯ ಸುತ್ತಿನ ಪಂದ್ಯಗಳು ಸಾಧ್ಯವಾದಷ್ಟೂ ಒಂದೇ ಸಮಯಕ್ಕೆ ಆರಂಭವಾಗಬೇಕು. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಕೊನೆಯ ಗುಂಪು ಪಂದ್ಯವನ್ನು ಹಿಂದಿನ ದಿನವೇ ಮುಗಿಸಿತ್ತು. ಮರುದಿನ ಸ್ಪೇನ್‌ನ ಗಿಹೋನ್‌ನಲ್ಲಿ ಪಶ್ಚಿಮ ಜರ್ಮನಿ 1–0ರಿಂದ ಗೆದ್ದರೆ ಅದೂ ಅದರ ಎದುರಾಳಿ ಆಸ್ಟ್ರಿಯಾವೂ ಮುಂದಕ್ಕೆ ಹೋಗುತ್ತವೆ ಎಂಬುದು ಆಡುವವರಿಗೆ ಗೊತ್ತಿತ್ತು. ಆರಂಭದಲ್ಲೇ ಗೋಲು ಬಂದ ಬಳಿಕ ಎರಡೂ ತಂಡಗಳು ಸುಮ್ಮನೆ ಚೆಂಡು ತಳ್ಳುತ್ತಾ ಕಾಲ ಕಳೆದವು, ಅಲ್ಜೀರಿಯಾ ಹೊರಬಿತ್ತು. 1986ರಿಂದ ವಿಶ್ವಕಪ್‌ನಲ್ಲಿ ಒಂದು ಗುಂಪಿನ ಕೊನೆಯ ಪಂದ್ಯಗಳು ಏಕಕಾಲಕ್ಕೆ ನಡೆಯುತ್ತಿವೆ.

ಐದನೆಯ ಹಂತ: ಅಂಕಗಳು ಮತ್ತು ಸಮಬಲ

ಗೆಲುವಿಗೆ 3, ಡ್ರಾಗೆ 1 ಅಂಕ. ಇಂಗ್ಲೆಂಡ್‌ನ ಲೀಗ್ 1981ರಲ್ಲಿ ಅಳವಡಿಸಿಕೊಂಡ, ವಿಶ್ವಕಪ್ 1994ರಲ್ಲಿ ಒಪ್ಪಿಕೊಂಡ ಈ ಪದ್ಧತಿಯನ್ನು ಬದಲಿಸಲು ಕಾರಣವಿಲ್ಲ. ಅಂಕಗಳು ಸಮನಾದಾಗ ಏನು ಮಾಡಬೇಕೆಂಬುದು ಯೋಚನೆಗೆ ಅರ್ಹವಾದ ಪ್ರಶ್ನೆ. ಹವ್ಯಾಸಿ ಲೀಗ್‌ನಲ್ಲಿ ಅರ್ಧ ತಂಡ ಬಾರದ ದಿನ ಹತ್ತು ಗೋಲುಗಳ ಸೋಲು ಆಗುವುದುಂಟು. ಆ ದಿನ ಎದುರಾಳಿಯಾಗಿದ್ದವರಿಗೆ ಅದೃಷ್ಟದಿಂದ ದೊಡ್ಡ ಗೋಲು ವ್ಯತ್ಯಾಸ ಸಿಕ್ಕಿಬಿಡುತ್ತದೆ. ಆದ್ದರಿಂದ ಮೊದಲು ಆ ತಂಡಗಳ ನಡುವಿನ ಪಂದ್ಯದ ಫಲಿತಾಂಶ, ನಂತರ ಗೋಲು ವ್ಯತ್ಯಾಸ, ನಂತರ ಹೊಡೆದ ಗೋಲುಗಳು, ನಂತರ ಶಿಸ್ತಿನ ಅಂಕಗಳು (ಪಡೆದ ಕಾರ್ಡ್‌ಗಳ ಲೆಕ್ಕ) ಎಂಬ ಕ್ರಮವನ್ನು ನಾನು ಒಪ್ಪುತ್ತೇನೆ. 2018ರ ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸೆನೆಗಲ್ ಎಲ್ಲದರಲ್ಲೂ ಸಮನಾಗಿದ್ದಾಗ ಕಡಿಮೆ ಹಳದಿ ಕಾರ್ಡ್ ಪಡೆದಿದ್ದ ಜಪಾನ್ ಮುಂದಕ್ಕೆ ಹೋಯಿತು. ಪ್ರಶಸ್ತಿಯೇ ತೀರ್ಮಾನವಾಗಬೇಕಾದಾಗ ಮಾತ್ರ ಚೀಟಿ ಎತ್ತಬೇಡಿ, ಇನ್ನೊಂದು ಪಂದ್ಯ ಆಡಿಸಿ.

ಹೊಸ ನಿಯಮವೊಂದನ್ನು ಸೇರಿಸುವ ಮುನ್ನ ಸೋಲುವುದು ಅಥವಾ ತನ್ನ ಗೋಲಿಗೇ ಹೊಡೆಯುವುದು ಯಾರಿಗಾದರೂ ಲಾಭವಾಗುವ ಸಂದರ್ಭ ಅದರಿಂದ ಹುಟ್ಟುತ್ತದೆಯೇ ಎಂದು ಪರೀಕ್ಷಿಸಬೇಕು. 1994ರ ಕೆರಿಬಿಯನ್ ಕಪ್ ಅರ್ಹತಾ ಸುತ್ತಿನಲ್ಲಿ ಹೆಚ್ಚುವರಿ ಅವಧಿಯ ನಿರ್ಣಾಯಕ ಗೋಲು ಎರಡಕ್ಕೆ ಸಮ ಎಂಬ ನಿಯಮವಿತ್ತು. ಗ್ರೆನಡಾ ವಿರುದ್ಧ ಎರಡು ಗೋಲುಗಳ ಅಂತರದಿಂದ ಗೆಲ್ಲಬೇಕಿದ್ದ ಬಾರ್ಬಡೋಸ್, ಮುನ್ನಡೆ 2–1ಕ್ಕೆ ಇಳಿದಾಗ ಹೆಚ್ಚುವರಿ ಅವಧಿ ಸಿಗಲೆಂದು ಬೇಕೆಂದೇ ತನ್ನ ಗೋಲಿಗೆ ಹೊಡೆದು ಪಂದ್ಯವನ್ನು ಸಮಗೊಳಿಸಿತು. ಒಂದು ಗೋಲಿನ ಅಂತರದಿಂದ ಸೋತರೂ ಮುಂದಕ್ಕೆ ಹೋಗುತ್ತಿದ್ದ ಗ್ರೆನಡಾ ಉಳಿದ ನಿಮಿಷಗಳಲ್ಲಿ ಯಾವ ಬದಿಯಲ್ಲಾದರೂ ಗೋಲು ಹೊಡೆಯಲು ನೋಡಿತು, ಬಾರ್ಬಡೋಸ್ ಎರಡೂ ಬದಿಗಳನ್ನು ಕಾಯಿತು, ಕೊನೆಗೆ ಹೆಚ್ಚುವರಿ ಅವಧಿಯ ಗೋಲಿನಿಂದ 4–2ರಲ್ಲಿ ಗೆದ್ದಿತು. ಆಟಗಾರರು ನಿಯಮವನ್ನು ಮುರಿಯಲಿಲ್ಲ. ನಿಯಮವೇ ಅವರನ್ನು ಅಲ್ಲಿಗೆ ಕೊಂಡೊಯ್ಯಿತು.

ನಡುವೆಯೇ ತಂಡ ಹಿಂದೆ ಸರಿದರೆ: ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿದ್ದರೆ ಅದರ ಎಲ್ಲ ಫಲಿತಾಂಶಗಳನ್ನು ಅಳಿಸಿ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಆಡಿದ್ದರೆ ಉಳಿದ ಎದುರಾಳಿಗಳಿಗೆ 3–0 ಗೆಲುವು ನೀಡಿ.

ಆರನೆಯ ಹಂತ: ಪಂದ್ಯದ ದಿನ

ನಾಯಕರು 20 ನಿಮಿಷ ಮುಂಚಿತವಾಗಿ ಆಟಗಾರರ ಪಟ್ಟಿಯನ್ನು ರೆಫರಿಗೆ ಒಪ್ಪಿಸಬೇಕು. ನಿಗದಿತ ಸಮಯದ ಬಳಿಕ 15 ನಿಮಿಷ ಕಾದು, ಆಗಲೂ ಕನಿಷ್ಠ ಆಟಗಾರರು ಇಲ್ಲದಿದ್ದರೆ ವಾಕ್‌ಓವರ್, ಅಂದರೆ ಎದುರಾಳಿಗೆ ಆಡದೆಯೇ ಗೆಲುವು, ಘೋಷಿಸಬೇಕು. ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ರಕ್ಷಾಕವಚ) ಕಡ್ಡಾಯ. ಉಂಗುರ, ಸರ, ಓಲೆಗಳನ್ನು ತೆಗೆಯಲೇಬೇಕು. ಅವುಗಳ ಮೇಲೆ ಟೇಪ್ ಸುತ್ತಿಕೊಳ್ಳಲು ಆಟದ ನಿಯಮಗಳು ಅನುಮತಿ ನೀಡುವುದಿಲ್ಲ.

ಬಣ್ಣದ ವಿಷಯ ಇಲ್ಲಿ ಬೇರೆಡೆಗಿಂತ ಕಠಿಣ. ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್ ಮೂರೂ ಬಳಗಗಳು ಕೆಂಪಿನಲ್ಲೇ ಬರುತ್ತವೆ, ಯಾರೂ ತಮ್ಮ ಬಣ್ಣ ಬಿಡಲು ಒಪ್ಪುವುದಿಲ್ಲ. ವೇಳಾಪಟ್ಟಿಯಲ್ಲಿ ಮೊದಲು ಹೆಸರಿಸಲಾದ ತಂಡ ತನ್ನ ಬಣ್ಣ ಉಳಿಸಿಕೊಳ್ಳುತ್ತದೆ, ಎರಡನೆಯದು ಬೇರೆ ಜರ್ಸಿ ಅಥವಾ ಬಿಬ್ (ಜರ್ಸಿಯ ಮೇಲೆ ತೊಡುವ ತೋಳಿಲ್ಲದ ಬಣ್ಣದ ಅಂಗಿ) ಧರಿಸುತ್ತದೆ ಎಂಬ ನಿಯಮದಿಂದ ಚರ್ಚೆಗೆ ಅವಕಾಶವಿರುವುದಿಲ್ಲ. ಕ್ಲಬ್‌ಗಳ ಲಾಂಛನಗಳು ನೋಂದಾಯಿತ ಗುರುತುಗಳಾದ್ದರಿಂದ ಪ್ರತಿ ಬಳಗ ತನ್ನದೇ ಲಾಂಛನ ರೂಪಿಸಿಕೊಳ್ಳಲಿ, ಪ್ರಾಯೋಜಕರು ಬಂದಾಗ ಇದು ಇನ್ನಷ್ಟು ಮುಖ್ಯ.

ಆಡುವ ಎರಡು ಬಳಗಗಳಲ್ಲಿ ಯಾವುದಕ್ಕೂ ರೆಫರಿ ಸೇರಿದವರಾಗಿರಬಾರದು. ಹಣವಿದ್ದರೆ ತರಬೇತಿ ಪಡೆದ ರೆಫರಿಯನ್ನು ಗೌರವಧನ ಕೊಟ್ಟು ಕರೆಸಿ. ಕಪ್‌ಗೂ ಪದಕಗಳಿಗೂ ಖರ್ಚು ಮಾಡುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ಪಂದ್ಯ ಮುಗಿದ 24 ಗಂಟೆಗಳೊಳಗೆ ಇಬ್ಬರೂ ನಾಯಕರು ಫಲಿತಾಂಶ, ಗೋಲು ಹೊಡೆದವರು ಮತ್ತು ಕಾರ್ಡ್‌ಗಳ ವಿವರವನ್ನು ಪ್ರತ್ಯೇಕವಾಗಿ ಕಳುಹಿಸಬೇಕು; ಎರಡೂ ವರದಿಗಳು ಹೊಂದದಿದ್ದರೆ ರೆಫರಿಯ ಚೀಟಿಯೇ ಅಂತಿಮ.

ಏಳನೆಯ ಹಂತ: ಶಿಸ್ತು, ಮೈದಾನದ ಒಳಗೂ ಹೊರಗೂ

ಪ್ರತಿ ತಂಡ ಏಳು ಪಂದ್ಯ ಆಡುವ ಲೀಗ್‌ನಲ್ಲಿ ಮೂರು ಹಳದಿ ಕಾರ್ಡ್‌ಗಳಿಗೆ ಒಂದು ಪಂದ್ಯದ ನಿಷೇಧ, ಕೆಂಪು ಕಾರ್ಡ್‌ಗೆ ಕನಿಷ್ಠ ಒಂದು, ಹಿಂಸಾಚಾರಕ್ಕೆ ಕನಿಷ್ಠ ಮೂರು, ರೆಫರಿಯ ಮೇಲೆ ಕೈ ಮಾಡಿದವರಿಗೆ ಲೀಗ್‌ನಿಂದಲೇ ಹೊರದಬ್ಬುವಿಕೆ ಎಂಬ ಪ್ರಮಾಣ ಯೋಗ್ಯವಾಗಿದೆ. ತಳಮಟ್ಟದ ಆಟದಲ್ಲಿ ಅನುಮತಿಸಲಾದ ತಾತ್ಕಾಲಿಕ ಹೊರಗಿಡುವಿಕೆಯನ್ನು ರೆಫರಿಯೊಂದಿಗೆ ವಾದಿಸುವವರ ಮೇಲೆ ಬಳಸಿ: ಒಟ್ಟು ಆಟದ ಸಮಯದ ಶೇಕಡಾ 10ರಿಂದ 15ರಷ್ಟು, ಅಂದರೆ 50 ನಿಮಿಷಗಳ ಪಂದ್ಯದಲ್ಲಿ 5ರಿಂದ 7 ನಿಮಿಷ ಹೊರಗೆ. ತಪ್ಪಿನ ಫಲ ಅದೇ ಪಂದ್ಯದಲ್ಲಿ ತಗಲುವುದರಿಂದ ಮುಂದಿನ ವಾರದ ನಿಷೇಧಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. 2024ರ ಯೂರೋ ಕಪ್‌ನಲ್ಲಿ ಕಂಡಂತೆ ತೀರ್ಪಿನ ಬಗ್ಗೆ ವಿವರ ಕೇಳುವ ಹಕ್ಕು ನಾಯಕನಿಗೆ ಮಾತ್ರ ಇರಲಿ.

ಮೈದಾನದ ಹೊರಗಿನ ನಡತೆಯನ್ನು ಬಿಟ್ಟ ನಿಯಮಾವಳಿ ಅಭಿಮಾನಿ ಲೀಗ್‌ಗೆ ಸಾಲದು. ಬಳಗಗಳ ನಡುವೆ ಕಿಚಾಯಿಸುವಿಕೆ ಇದ್ದೇ ಇರುತ್ತದೆ, ಅದಿಲ್ಲದೆ ಲೀಗ್‌ಗೆ ರುಚಿಯೂ ಇಲ್ಲ. ಆದರೆ ಅದರ ಗಡಿಯನ್ನು ಗುರುತಿಸಬೇಕು. ಜನಾಂಗ, ಧರ್ಮ, ಲಿಂಗಗಳ ಮೇಲಿನ ನಿಂದನೆ, ಎದುರಾಳಿಯ ಖಾಸಗಿ ವಿವರಗಳನ್ನು ಬಯಲು ಮಾಡುವುದು, ರೆಫರಿಗೆ ಬೆದರಿಕೆ, ಇವು ಆನ್‌ಲೈನ್‌ನಲ್ಲಿ ನಡೆದರೂ ಕೆಂಪು ಕಾರ್ಡ್‌ಗೆ ಸಮಾನವೆಂದು ಪರಿಗಣಿಸಬೇಕು. ಇದರೊಂದಿಗೆ ದುರಂತಗಳ ಅಣಕವನ್ನು ಹೆಸರಿಸಿಯೇ ನಿಷೇಧಿಸಿ. ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ 1958ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ 23 ಮಂದಿ, 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ 39 ಮಂದಿ ಸತ್ತರು, 1989ರ ಹಿಲ್ಸ್‌ಬರೋ ಕ್ರೀಡಾಂಗಣದ ದುರಂತ 97 ಜೀವಗಳನ್ನು ಬಲಿ ತೆಗೆದುಕೊಂಡಿತು. ಅವರನ್ನು ಕುರಿತ ಕೂಗು ಅಥವಾ ಚಿತ್ರ ಯಾವ ಪೈಪೋಟಿಯ ಹೆಸರಿನಲ್ಲಿಯೂ ಕ್ಷಮೆಗೆ ಅರ್ಹವಲ್ಲ. ಕೂಗಿದವರು ಗುರುತಿಗೆ ಸಿಗದಿದ್ದರೆ ತಂಡದ ಅಂಕಗಳನ್ನು ಕಡಿತಗೊಳಿಸುವ ಅಧಿಕಾರ ಶಿಸ್ತು ಸಮಿತಿಗೆ ಇರಬೇಕು.

ಮೇಲ್ಮನವಿಗೆ ಮೂರು ದಿನಗಳ ಅವಕಾಶ ಕೊಡಿ, ಮೊದಲ ತೀರ್ಪು ನೀಡಿದವರು ಅದನ್ನು ಕೇಳಬಾರದು. ಮೊಬೈಲ್‌ನಲ್ಲಿ ತೆಗೆದ ವಿಡಿಯೊವನ್ನು ರೆಫರಿ ಕಾಣದ ಹಿಂಸೆಗೆ ಅಥವಾ ತಪ್ಪಾಗಿ ಬೇರೊಬ್ಬನಿಗೆ ಕಾರ್ಡ್ ತೋರಿಸಿದ ಪ್ರಕರಣಕ್ಕೆ ಮಾತ್ರ ಸಾಕ್ಷಿಯಾಗಿ ಒಪ್ಪಿಕೊಳ್ಳಿ. ಗೋಲು, ಪೆನಾಲ್ಟಿಗಳ ತೀರ್ಪನ್ನು ವಿಡಿಯೊ ನೋಡಿ ಬದಲಿಸಲು ಹೊರಟರೆ ಯಾವ ಪಂದ್ಯವೂ ಮುಗಿಯುವುದಿಲ್ಲ.

ಎಂಟನೆಯ ಹಂತ: ಸುರಕ್ಷತೆ

ಸಾಗಿಸಬಲ್ಲ ಗೋಲ್ ಚೌಕಟ್ಟನ್ನು ನೆಲಕ್ಕೆ ಭದ್ರವಾಗಿ ಬಿಗಿಯದೆ ಪಂದ್ಯ ಆರಂಭಿಸುವಂತಿಲ್ಲ. ಅಡ್ಡಪಟ್ಟಿಗೆ ಜೋತುಬಿದ್ದಾಗ ಚೌಕಟ್ಟು ಮಗುಚಿ ಜೀವಹಾನಿಯಾಗಬಲ್ಲದು. ತಲೆಗೆ ಪೆಟ್ಟು ಬಿದ್ದು ಮೆದುಳಿಗೆ ಆಘಾತವಾಗಿರುವ ಶಂಕೆ ಇದ್ದರೆ ಆ ಆಟಗಾರ ಅಂದು ಮತ್ತೆ ಆಡುವಂತಿಲ್ಲ, ತಾನು ಚೆನ್ನಾಗಿದ್ದೇನೆ ಎಂದು ಅವನು ಹೇಳಿದರೂ ಸರಿ. ಗುಡುಗು ಕೇಳಿದರೆ ಆಟ ನಿಲ್ಲಿಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯದೆ ಮರಳಬೇಡಿ. ಬಿಸಿಲು ತೀವ್ರವಾಗಿದ್ದಾಗ 90 ಸೆಕೆಂಡುಗಳಿಂದ 3 ನಿಮಿಷಗಳವರೆಗಿನ ವಿರಾಮವನ್ನು ರೆಫರಿ ನೀಡಬಹುದು. ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು, ಹತ್ತಿರದ ಆಸ್ಪತ್ರೆಯ ದಾರಿ, ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಎಇಡಿ ಯಂತ್ರ ಎಲ್ಲಿದೆ ಎಂಬ ಮಾಹಿತಿ, ಇವು ಪ್ರತಿ ಪಂದ್ಯದ ದಿನವೂ ಸಿದ್ಧವಿರಬೇಕು. ಎಲ್ಲ ಆಟಗಾರರಿಗೂ ಅನ್ವಯಿಸುವ ಅಪಘಾತ ವಿಮೆ ಮಾಡಿಸುವುದನ್ನು ಶುಲ್ಕದ ಲೆಕ್ಕದಲ್ಲೇ ಸೇರಿಸಿಕೊಳ್ಳಿ.

ಒಂಬತ್ತನೆಯ ಹಂತ: ಹಣ ಮತ್ತು ಋತುವಿನ ಮುಕ್ತಾಯ

ಮೈದಾನದ ಬಾಡಿಗೆ, ರೆಫರಿ, ಚೆಂಡು, ವಿಮೆ ಇಷ್ಟನ್ನೂ ಕೂಡಿಸಿ ತಂಡಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರವೇಶ ಶುಲ್ಕ ಸಿಗುತ್ತದೆ. ಅದರ ಜೊತೆಗೆ ಮರಳಿಸಬಹುದಾದ ಠೇವಣಿಯೊಂದನ್ನು ಪಡೆದುಕೊಂಡು, ವಾಕ್‌ಓವರ್ ಕೊಟ್ಟ ತಂಡದ ಪಾಲಿನ ಮೈದಾನದ ಬಾಡಿಗೆಯನ್ನು ಅದರಿಂದ ವಜಾ ಮಾಡಿ. ಜಮಾ ಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳೂ ಎಲ್ಲ ಬಳಗಗಳ ಪ್ರತಿನಿಧಿಗಳಿಗೆ ಕಳುಹಿಸಬೇಕು.

ಕೊನೆಯ ಪಂದ್ಯ ಮುಗಿದು ಮೇಲ್ಮನವಿಗಳು ಇತ್ಯರ್ಥವಾದ ಬಳಿಕ ಅಂತಿಮ ಅಂಕಪಟ್ಟಿಯನ್ನು ಪ್ರಕಟಿಸಿ, ಎರಡು ವಾರದೊಳಗೆ ಠೇವಣಿಗಳನ್ನು ಹಿಂತಿರುಗಿಸಿ, ಆಟಗಾರರ ನಿಜ ಹೆಸರು ಮತ್ತು ಜನ್ಮದಿನಾಂಕಗಳ ಪಟ್ಟಿಯನ್ನು ಅಳಿಸಿಹಾಕಿ. ಬಾಕಿ ಉಳಿದ ನಿಷೇಧಗಳಿದ್ದರೆ ಅವುಗಳಿಗೆ ಸಂಬಂಧಿಸಿದ ಹೆಸರುಗಳನ್ನು ಮಾತ್ರ ಮುಂದಿನ ಋತುವಿನವರೆಗೆ ಇಟ್ಟುಕೊಳ್ಳಬಹುದು. ನಿಯಮಗಳ ತಿದ್ದುಪಡಿಗೆ ಬಳಗಗಳಿಂದ ಬರಹದಲ್ಲಿ ಸಲಹೆ ಕೇಳಿ, ಯಾವ ಪಂದ್ಯದ ಯಾವ ಸಂದರ್ಭದಲ್ಲಿ ಹಳೆಯ ನಿಯಮ ಸೋತಿತು ಎಂಬ ವಿವರ ಪ್ರತಿ ಸಲಹೆಯ ಜೊತೆಗೂ ಇರಲಿ. ಮಂಡಳಿಯ ಮೂರನೇ ಎರಡರಷ್ಟು ಮತ ಪಡೆದ ತಿದ್ದುಪಡಿಗಳು ಮುಂದಿನ ನೋಂದಣಿ ಆರಂಭವಾಗುವ ಮೊದಲೇ ಹೊಸ ದಿನಾಂಕದ ನಿಯಮಾವಳಿಯಲ್ಲಿ ಸೇರಿರಬೇಕು.